ಎಫ್5 ತಡೆದೆ, ಬೆರಳನ್ನ ಮರೆತೆ (ಭಾಗ 4)

ನಿಮಗೆ ನೆನಪಿರಬಹುದು, ನಮ್ಮ ಡಿಪಾರ್ಟ್‌ಮೆಂಟ್ ಕ್ವಿಜ್ ಪೇಜ್ ಮಾಡಿದ್ದು ನಾನೇ. ಯಾರೂ ರಿಫ್ರೆಶ್ ಮಾಡಬಾರದು ಅಂತ ಜಾವಾಸ್ಕ್ರಿಪ್ಟ್‌ನಲ್ಲಿ ಎಫ್5, ಕಂಟ್ರೋಲ್-ಆರ್ ಎರಡನ್ನೂ ತಡೆದಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಮಾಡಿ ಮೀಸೆ ತಿರುವಿದ್ದೂ ಆಯ್ತು.

ಜೂನಿಯರ್ ಒಬ್ಳು ಫೋನಲ್ಲಿ ಕೂತಿದ್ಳು. ನೆಟ್ ಸ್ಲೋ, ಮುಂದಿನ ಪ್ರಶ್ನೆ ಬರ್ಲಿಲ್ಲ. ಸ್ಕ್ರೀನ್ ಕೆಳಕ್ಕೆ ಎಳೆದ್ಲು. 18 ಉತ್ತರ ಹೋಯ್ತು.

"ಅಣ್ಣಾ, ಮತ್ತೆ ಮೊದಲಿಂದನಾ?"

ಅಷ್ಟೊತ್ತಿಗೆ ಟೈಮ್ ಮುಗಿದಿತ್ತು.

ರಾತ್ರಿ ಕೂತು ನೋಡಿದೆ. ಬ್ರೌಸರ್‌ನ ರಿಲೋಡ್ ಬಟನ್‌ನ ನಮ್ಮ ಸ್ಕ್ರಿಪ್ಟ್ ತಡೆಯೋಕಾಗಲ್ಲ. 'ಬಿಫೋರ್‌ಅನ್‌ಲೋಡ್' ಹಾಕಿದ್ರೆ ಬ್ರೌಸರ್ ತನ್ನದೇ ಮಾತಲ್ಲಿ ಒಮ್ಮೆ ಕೇಳುತ್ತೆ, ಅಷ್ಟೇ. ನಾವು ಬರೆದ ವಾಕ್ಯ ಕ್ರೋಮ್‌ನಲ್ಲಿ 2016ರಿಂದ ಬರಲ್ಲ. ಫೋನಲ್ಲಂತೂ ಅದನ್ನೂ ನಂಬೋ ಹಾಗಿಲ್ಲ. ಸರಿನೇ ಬಿಡಿ, ಯಾರದೋ ಪೇಜ್ ನಮ್ಮನ್ನ ಕೂಡಿಹಾಕಿದ್ರೆ ನಾವು ಸುಮ್ನಿರ್ತೀವಾ?

ಈಗ ಒತ್ತಿದ ಉತ್ತರ ತಕ್ಷಣ ಸೆಷನ್‌ಸ್ಟೋರೇಜ್‌ಗೆ ಹೋಗುತ್ತೆ. ರಿಫ್ರೆಶ್ ಆದ್ರೂ ಅದೇ ಟ್ಯಾಬ್‌ನಲ್ಲಿ ವಾಪಸ್ ಸಿಗುತ್ತೆ. ಟೈಮ್ ಲೆಕ್ಕ ಮಾತ್ರ ಸರ್ವರ್‌ದು. ರಿಫ್ರೆಶ್ ಮಾಡಿ ನಿಮಿಷ ಕದಿಯೋರು ನಿಮ್ಮಲ್ಲೇ ಇದ್ದೀರಿ, ಗೊತ್ತು ನಂಗೆ! ಎಫ್5 ಕೋಡ್ ಅಳಿಸಿಹಾಕಿದೆ.

ಅವಳಿಗೆ ಸಾರಿ ಕೇಳಿದೀನಿ. ಮುಂದಿನ ಕ್ವಿಜ್ ಶನಿವಾರ. ಅವಳಿನ್ನೂ ಹೆಸರು ಕೊಟ್ಟಿಲ್ಲ.