ಲೆ ಮಾನ್ಸ್ ಪಟ್ಟಣದ ಓಡುವ ಚಿತ್ರಗಳು

ಫ್ರಾನ್ಸ್ ದೇಶದಲ್ಲಿ, ಪ್ಯಾರಿಸ್ ನಗರಕ್ಕೆ ನೈಋತ್ಯದಲ್ಲಿ ಸುಮಾರು 200 ಕಿಲೋಮೀಟರು ದೂರದಲ್ಲಿ, ಸಾರ್ತ್ ನದಿಯ ದಡದ ಮೇಲೆ ಲೆ ಮಾನ್ಸ್ ಎಂಬ ಪುರಾತನ ಪಟ್ಟಣವಿರುವುದು. ಅಲ್ಲಿ ಮೊದಲು ನೋಡತಕ್ಕುದು ರೋಮನರ ಕಾಲದ ಕೋಟೆಗೋಡೆ. ಶತ್ರುವನ್ನು ತಡೆಯಲೆಂದು ಕಟ್ಟಿದ ಆ ಗೋಡೆಯ ಮೈಮೇಲೆಲ್ಲ ಬಣ್ಣಬಣ್ಣದ ಕಲ್ಲು ಇಟ್ಟಿಗೆಗಳ ಚಿತ್ತಾರವಿದೆ. ಏಟು ತಿನ್ನಲೆಂದೇ ಹುಟ್ಟಿದ ವಸ್ತುವನ್ನೂ ಸಿಂಗರಿಸಬೇಕೆಂಬ ಆಸೆ ಮನುಷ್ಯನಿಗೆ ಎಷ್ಟು ಹಿಂದಿನದು!

ಆ ಆಸೆಯ ಹೊಸ ರೂಪವನ್ನು ಕಾಣಬೇಕಾದರೆ ಪಟ್ಟಣದ ದಕ್ಷಿಣಕ್ಕೆ ಹೋಗಬೇಕು. ಅಲ್ಲಿ 1923ರಲ್ಲಿ ಮೊದಲಾದ ಮೋಟಾರು ಪಂದ್ಯದ ಹಾದಿಯಿದೆ. ಒಂದು ಸುತ್ತಿಗೆ ಸುಮಾರು 13.6 ಕಿಲೋಮೀಟರು, ಓಟ ಹಗಲಿರುಳು 24 ಗಂಟೆ. ಈ ಹಾದಿಯ ಒಂದು ಭಾಗದಲ್ಲಿ ಉಳಿದ ದಿನಗಳಂದು ಊರವರ ವಾಹನಗಳೇ ಸಂಚರಿಸುವುವು.

ಹರಾಜುಗಾರನೂ ಓಟಗಾರನೂ ಆದ ಎರ್ವೆ ಪುಲಾಂ ಎಂಬಾತನು 1975ರಲ್ಲಿ ತನ್ನ ಬಿ.ಎಂ.ಡಬ್ಲ್ಯು. ಗಾಡಿಗೆ ಬಣ್ಣದ ವಿನ್ಯಾಸ ಮಾಡಿಕೊಡುವಂತೆ ಅಮೆರಿಕದ ಪ್ರಸಿದ್ಧ ಕಲಾವಿದ ಅಲೆಕ್ಸಾಂಡರ್ ಕಾಲ್ಡರನನ್ನು ಕೇಳಿಕೊಂಡನು. ಕೆಂಪು, ಹಳದಿ, ನೀಲಿಗಳಿಂದ ಬೆಳಗಿದ ಆ ಗಾಡಿ ಪಂದ್ಯದ ಕೊನೆಯನ್ನು ಮುಟ್ಟಲಿಲ್ಲ. 1979ರಲ್ಲಿ ಆಂಡಿ ವಾರ್ಹೋಲನು ಕುಂಚ ಹಿಡಿದು ಅರ್ಧ ಗಂಟೆಯೊಳಗೆ ತಾನೇ ಬಳಿದ ಗಾಡಿಯಾದರೋ ಆರನೆಯದಾಗಿ ಗುರಿ ಸೇರಿತು.

ಈಗ ಕುಂಚದ ಸ್ಥಾನಕ್ಕೆ ಕಂಪ್ಯೂಟರು ಬಂದಿದೆ. 2010ರಲ್ಲಿ ಜೆಫ್ ಕೂನ್ಸನ ವರ್ಣರೇಖೆಗಳನ್ನು ತೆಳುವಾದ ಹಾಳೆಯ ಮೇಲೆ ಮುದ್ರಿಸಿ ಗಾಡಿಗೆ ಅಂಟಿಸಿದರು. 2024ರಲ್ಲಿ ಜೂಲಿ ಮೆಹ್ರೆಟು ಎಂಬ ಕಲಾವಿದೆಯ ಚಿತ್ರವನ್ನೂ ಹೀಗೆಯೇ ಗಾಡಿಗೆ ತೊಡಿಸಿದರು. ಗಾಡಿಯ ಉಬ್ಬುತಗ್ಗುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮೂಡಿಸಿಕೊಂಡು, ಚಪ್ಪಟೆಯಾದ ಚಿತ್ರವು ಬಾಗಿದ ಮೈಗೆ ಸರಿಯಾಗಿ ಕೂಡುವಂತೆ ಹೊಂದಿಸುವುದೇ ಇಲ್ಲಿಯ ಕೌಶಲ. ಆ ಗಾಡಿ ಪಂದ್ಯದ ನಡುವೆ ಅಪಘಾತಕ್ಕೊಳಗಾಗಿ ಹಾನಿಗೊಂಡಿತು.

ಚಿತ್ರ ಕೆಟ್ಟರೇನಾಯಿತು, ಮತ್ತೆ ಮುದ್ರಿಸಬಹುದಲ್ಲವೇ? ನಿಜ. ತುಳಿತಕ್ಕೆ ಸಿಕ್ಕುವುದೆಂದು ತಿಳಿದೂ ಅಂಗಳದಲ್ಲಿ ರಂಗವಲ್ಲಿಯಿಡುವ ಗೃಹಿಣಿಗೆ ಅಳಿಸಿಹೋದುದರ ವ್ಯಥೆಯಿಲ್ಲ. ನಾಳೆ ಮತ್ತೆ ಇಡುವಳು. ಆದರೆ ಆ ಗಾಡಿಯೊಳಗೆ ಕುಳಿತವನನ್ನು ಮತ್ತೆ ಮುದ್ರಿಸಲಾಗದು. ಇದೇ ಹಾದಿಯಲ್ಲಿ 1955ರಲ್ಲಿ ಗಾಡಿಯೊಂದು ಸಿಡಿದು, ಅದರ ಚೂರುಗಳು ಪ್ರೇಕ್ಷಕರ ಮೇಲೆ ಬಿದ್ದು, 80ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅದನ್ನು ನಡೆಸುತ್ತಿದ್ದವನೂ ಉಳಿಯಲಿಲ್ಲ.

ಆದುದರಿಂದ ಈ ಚೆಲುವಾದ ಗಾಡಿಗಳನ್ನು ನೋಡುವವರು ಬಣ್ಣಕ್ಕೆ ಮಾತ್ರ ಮರುಳಾಗಬಾರದು. ಯಂತ್ರದ ನೆರವಿನಿಂದ ಚಿತ್ರವು ಅಳಿವಿನ ಭಯವನ್ನು ದಾಟಿತು. ಆ ಭಯವನ್ನು ಇಂದಿಗೂ ಹೊತ್ತು ಓಡುವವನು ಮನುಷ್ಯನೊಬ್ಬನೇ.