ಸಿಯಾಟಲಿನ ಸಾಣೆಮನೆ

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರಕ್ಕೆ ಪಶ್ಚಿಮದಲ್ಲಿ ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿ, ಪೂರ್ವದಲ್ಲಿ ಕ್ಯಾಸ್ಕೇಡ್ ಪರ್ವತಶ್ರೇಣಿ. ಚಳಿಗಾಲದಲ್ಲಿ ಸಾಗರದಿಂದೆದ್ದ ಮೋಡಗಳು ನಗರದ ಮೇಲೆ ದಿನಗಟ್ಟಲೆ ಜಿಟಿಜಿಟಿ ಮಳೆ ಸುರಿಸಿ, ಮುಂದೆ ಬೆಟ್ಟವನ್ನೇರಿ ಅಲ್ಲಿ ಹಿಮವಾಗುತ್ತವೆ. ಈ ಶ್ರೇಣಿಯ ಬೇಕರ್ ಪರ್ವತದ ಹಿಮಕ್ರೀಡಾ ತಾಣದಲ್ಲಿ ೧೯೯೮-೯೯ರಲ್ಲಿ ಒಟ್ಟು ೧,೧೪೦ ಅಂಗುಲ, ಎಂದರೆ ೯೫ ಅಡಿ ಹಿಮ ಸುರಿದು ಜಗತ್ತಿನ ದಾಖಲೆಯಾಯಿತು. ಹಿಮವನ್ನು ಕಾಣಲು ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಗರದಿಂದ ಸುಮಾರು ೫೦ ಮೈಲಿಯಾಚೆಯ ಸ್ನೋಕ್ವಾಲ್ಮಿ ಘಾಟಿಗೆ ಮೋಟಾರಿನಲ್ಲಿ ಒಂದು ಗಂಟೆಯ ದಾರಿ. ಬೆಳಗ್ಗೆ ಮಳೆಯಲ್ಲಿ ಮನೆ ಬಿಟ್ಟವರು ಊಟದ ಹೊತ್ತಿಗೆ ಮುನ್ನವೇ ಹಿಮದ ಇಳಿಜಾರಿನಲ್ಲಿರುತ್ತಾರೆ.

ಇಂತಹ ಊರಿನಲ್ಲಿ ಬೆಟ್ಟಕ್ಕೂ ಹಿಮಕ್ಕೂ ಬೇಕಾದ ಸಾಮಗ್ರಿಗಳ ಅಂಗಡಿ ದೊಡ್ಡದಾಗಿ ಬೆಳೆದುದರಲ್ಲಿ ಸೋಜಿಗವಿಲ್ಲ. ಅದು ಹುಟ್ಟಿದ ಬಗೆ ಮಾತ್ರ ಸ್ವಾರಸ್ಯದ್ದು. ಲಾಯ್ಡ್ ಆಂಡರ್ಸನ್ ಮತ್ತು ಮೇರಿ ಆಂಡರ್ಸನ್ ಎಂಬ ದಂಪತಿಗಳಿಗೆ ಪರ್ವತಾರೋಹಣದ ಹವ್ಯಾಸ. ಒಳ್ಳೆಯ ಹಿಮಗೊಡಲಿ ಊರಿನಲ್ಲಿ ಬಲು ದುಬಾರಿ. ಮೇರಿಗೆ ಜರ್ಮನ್ ಭಾಷೆ ಬರುತ್ತಿದ್ದುದರಿಂದ ನೇರವಾಗಿ ಆಸ್ಟ್ರಿಯದಿಂದಲೇ ತರಿಸುವ ದಾರಿ ಸಿಕ್ಕಿತು. ಅಂಚೆವೆಚ್ಚವೂ ಸೇರಿ ೩ ಡಾಲರ್ ೫೦ ಸೆಂಟು ಮಾತ್ರ! ಸುದ್ದಿ ತಿಳಿದ ಗೆಳೆಯರು ‘ನಮಗೂ ಒಂದು’ ಎಂದರು. ೧೯೩೮ರಲ್ಲಿ ಆ ದಂಪತಿಗಳೂ ಸೇರಿ ೨೩ ಮಂದಿ ಪರ್ವತಾರೋಹಿಗಳು ಒಂದು ಸಹಕಾರ ಸಂಘವನ್ನೇ ಕಟ್ಟಿದರು. ಸದಸ್ಯತ್ವಕ್ಕೆ ಒಂದು ಡಾಲರು. ಅದೇ ಇಂದಿನ ಆರ್.ಇ.ಐ. ಇಲ್ಲಿ ಕೊಳ್ಳುವ ಸದಸ್ಯರೇ ಅಂಗಡಿಯ ಒಡೆಯರು. ಅವರ ಸಂಖ್ಯೆ ಈಗ ಎರಡು ಕೋಟಿಯನ್ನು ಮೀರಿದೆ.

ಈ ಸಂಘ ೧೯೫೫ರಲ್ಲಿ ಪೂರ್ಣಕಾಲದ ಮೊದಲ ನೌಕರನನ್ನಾಗಿ ನೇಮಿಸಿಕೊಂಡ ಯುವಕ ಜಿಮ್ ವಿಟೇಕರ್. ೧೯೬೩ರ ಮೇ ೧ರಂದು ಆತ ಎವರೆಸ್ಟ್ ಶಿಖರವನ್ನು ಮುಟ್ಟಿದ ಮೊದಲ ಅಮೆರಿಕನ್ ಎನಿಸಿದ. ಅಂದು ಅವನ ಜೊತೆಯಲ್ಲಿ ಶಿಖರವೇರಿದವನು ತೇನ್‌ಸಿಂಗನ ಸೋದರಳಿಯ ನವಾಂಗ್ ಗೊಂಬು. ಎರಡು ವರ್ಷಗಳ ಮೇಲೆ, ೧೯೬೫ರಲ್ಲಿ, ಇದೇ ಗೊಂಬು ಭಾರತೀಯ ತಂಡದೊಡನೆ ಮತ್ತೆ ಹತ್ತಿ, ಎವರೆಸ್ಟನ್ನು ಎರಡು ಬಾರಿ ಏರಿದ ಮೊದಲಿಗನಾದ. ವಿಟೇಕರ್ ಮುಂದೆ ಸಂಘದ ಮುಖ್ಯಾಧಿಕಾರಿಯೂ ಆದ.

ಸಿಯಾಟಲಿನ ಈಗಿನ ಅಂಗಡಿ ೧೯೯೬ರಲ್ಲಿ ತೆರೆದದ್ದು. ಹೊರಗೆ ಮರಗಿಡಗಳ ನಡುವೆ ಒಂದು ಜಲಪಾತ. ಒಳಗೆ ಗಾಜಿನ ಗೋಪುರದಲ್ಲಿ ಹತ್ತಿ ಅಭ್ಯಾಸ ಮಾಡಲು ೬೫ ಅಡಿ ಎತ್ತರದ ಕೃತಕ ಬಂಡೆ. ನೋಡಬಂದವರ ಕಣ್ಣನ್ನು ಸೆಳೆಯುವುದು ಇವೇ. ಆದರೆ ಹಿಮದ ಮೇಲೆ ಕಾಲು ಮುರಿಯದೆ ಮನೆಗೆ ಮರಳುವುದು ಬಹುಮಟ್ಟಿಗೆ ನಿಂತಿರುವುದು ಕುಶಲಕರ್ಮಿಯು ಸ್ಕೀಗಳನ್ನು ಹದಗೊಳಿಸುವ ಮೇಜಿನ ಮೇಲೆ.

ಸ್ಕೀ ಎಂದರೆ ಕಾಲಿಗೆ ಬಿಗಿದುಕೊಳ್ಳುವ ಉದ್ದನೆಯ ಜಾರುಹಲಗೆ. ಮೇಲ್ಭಾಗದಲ್ಲಿ ಬಣ್ಣಬಣ್ಣದ ಚಿತ್ತಾರ. ಕೆಲಸದವನು ಅದನ್ನು ನೋಡುವುದೇ ಇಲ್ಲ. ಹಲಗೆ ಕೈಗೆ ಬಂದೊಡನೆ ಮಗುಚಿ ಹಾಕುತ್ತಾನೆ. ಅಡಿಯಲ್ಲಿ ಪಾಲಿಥಿಲೀನಿನ ಕಪ್ಪು ತಳ, ಎರಡು ಬದಿಗೂ ಉಕ್ಕಿನ ಅಂಚು. ಹಿಂದೆ ಸ್ಕೀಗಳು ಬರಿಯ ಮರದವು. ಗಟ್ಟಿ ಮಂಜಿನ ಮೇಲೆ ಹಿಡಿತ ತಪ್ಪುತ್ತಿದ್ದವು. ಸಾಲ್ಸ್‌ಬರ್ಗಿನ ರುಡಾಲ್ಫ್ ಲೆಟ್ನರ್ ಉಕ್ಕಿನ ಅಂಚನ್ನು ಕಂಡುಹಿಡಿದು ೧೯೨೬ರಲ್ಲಿ ಹಕ್ಕುಪತ್ರ ಪಡೆದ. ಇಳಿಜಾರಿನಲ್ಲಿ ತಿರುಗಬೇಕಾದಾಗ, ನಿಲ್ಲಬೇಕಾದಾಗ, ಹಿಮವನ್ನು ಕಚ್ಚುವುದು ಈ ಅಂಚೇ. ಕಲ್ಲಿಗೆ ತಾಗಿ ಅದು ಮೊಂಡಾದರೆ ಸವಾರನಿಗೆ ಹಲಗೆಯ ಮೇಲೆ ಹತೋಟಿ ತಪ್ಪಿತೆಂದೇ ತಿಳಿಯಬೇಕು. ಆದಕಾರಣ ಕೆಲಸದವನು ಕೋನ ತಪ್ಪದಂತೆ ಅರ ಹಾಕಿ, ವಜ್ರದ ಪುಡಿ ಕೂರಿಸಿದ ಸಾಣೆಯಿಂದ ನಯಗೊಳಿಸುತ್ತಾನೆ. ಒಂದೆರಡು ಡಿಗ್ರಿಯ ವ್ಯತ್ಯಾಸವೂ ಕಾಲಿಗೆ ತಿಳಿಯುತ್ತದೆ.

ತಳದ ಕೆಲಸ ಬೇರೆ. ಗೀರು ಬಿದ್ದಲ್ಲಿ ಪ್ಲಾಸ್ಟಿಕ್ಕನ್ನು ಕರಗಿಸಿ ತುಂಬಿ ಸಮ ಮಾಡುತ್ತಾರೆ. ಬಳಿಕ ತಿರುಗುವ ಕಲ್ಲಿನ ಮೇಲೆ ಹಲಗೆಯನ್ನು ಹಾಯಿಸಿ ಕೂದಲೆಳೆಯಂತಹ ಗೆರೆಗಳನ್ನು ಮೂಡಿಸುತ್ತಾರೆ. ತೀರ ನುಣುಪಾದ ತಳವೇ ಚೆನ್ನಾಗಿ ಜಾರೀತೆಂದು ಎಣಿಸುವುದು ಸಹಜ. ಆದರೆ ನೀರಿನ ತೆಳುಪೊರೆ ಅದನ್ನು ಹಿಮಕ್ಕೆ ಅಂಟಿಸಿ ಹಿಡಿಯುತ್ತದೆ. ಸವೆದ ರುಬ್ಬುವ ಕಲ್ಲಿಗೆ ಉಳಿಯಿಂದ ಕಚ್ಚು ಹೊಡೆಸಿದಂತೆಯೇ ಇದೂ, ಉದ್ದೇಶ ಮಾತ್ರ ಬೇರೆ: ಈ ಗೆರೆಗಳಲ್ಲಿ ನೀರು ಹರಿದುಹೋಗಿ ಹಲಗೆ ಬಿಡುಗಡೆ ಹೊಂದುತ್ತದೆ. ಕ್ಯಾಸ್ಕೇಡಿನ ಹಿಮ ಒದ್ದೆಯಾದ, ಭಾರವಾದ ಹಿಮ. ಊರಿನವರು ಅದನ್ನು ‘ಕ್ಯಾಸ್ಕೇಡ್ ಕಾಂಕ್ರೀಟು’ ಎಂದು ಹಾಸ್ಯ ಮಾಡುವುದುಂಟು. ಅಲ್ಲಿ ಈ ಗೆರೆಗಳ ಬೆಲೆ ಹೆಚ್ಚು. ಕಡೆಗೆ ಇಸ್ತ್ರಿಪೆಟ್ಟಿಗೆಯಿಂದ ಮೇಣವನ್ನು ಕರಗಿಸಿ ಸವರಿ, ಆರಿದ ಮೇಲೆ ಹೆರೆದು, ಕುಂಚದಿಂದ ಉಜ್ಜುತ್ತಾರೆ. ಹಚ್ಚಿದ ಮೇಣವನ್ನೆಲ್ಲ ಹೆರೆದುಬಿಡುವುದೇಕೆ ಎಂದು ಹೊಸಬರು ಬೆರಗಾಗುತ್ತಾರೆ. ತಳ ಹೀರಿಕೊಂಡಷ್ಟೇ ಉಪಯೋಗದ್ದು, ಉಳಿದುದು ತಡೆ. ಹೆಚ್ಚು ವೇಗ ಕೊಡುತ್ತಿದ್ದ ಫ್ಲೋರಿನ್ ಬೆರೆತ ಮೇಣಗಳು ನೆಲಜಲಗಳಲ್ಲಿ ಅಳಿಯದೆ ಉಳಿಯುವುದರಿಂದ, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ೨೦೨೩-೨೪ರಿಂದ ಅವಕ್ಕೆ ನಿಷೇಧ ಬಂದಿದೆ.

ಎಲ್ಲಕ್ಕೂ ಮುಖ್ಯವಾದುದು ಬೂಟನ್ನು ಹಲಗೆಗೆ ಕಚ್ಚಿ ಹಿಡಿಯುವ ಬೈಂಡಿಂಗ್. ಬಿದ್ದಾಗ ಅದು ತಾನಾಗಿ ಕಳಚಿಕೊಳ್ಳಬೇಕು. ಇಲ್ಲವಾದರೆ ಉದ್ದನೆಯ ಹಲಗೆ ಸನ್ನೆಕೋಲಿನಂತೆ ಕಾಲನ್ನು ತಿರುಚುತ್ತದೆ. ಇದರ ಮೊದಲ ರೂಪ ಹುಟ್ಟಿದ್ದು ಸಿಯಾಟಲಿಗೆ ದಕ್ಷಿಣದ ಪೋರ್ಟ್‌ಲೆಂಡ್ ನಗರದಲ್ಲಿ. ನಾರ್ವೆಯಿಂದ ಬಂದು ನೆಲೆಸಿದ್ದ ಯಾಲ್ಮರ್ ಹ್ವಾಮ್ ೧೯೩೭ರಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅದರ ನಕ್ಷೆಯನ್ನು ಗೀಚಿದನಂತೆ!

ಬೈಂಡಿಂಗನ್ನು ಎಷ್ಟು ಬಿಗಿಯಬೇಕು? ಉತ್ತರ ಸವಾರನ ಬಾಯಿಂದಲೇ ಬರಬೇಕು. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಜಾರುವ ಪರಿಣತಿ ಇವಿಷ್ಟನ್ನೂ ಬರೆದುಕೊಂಡು ಕೋಷ್ಟಕ ನೋಡಿ ನಿಗದಿ ಮಾಡುತ್ತಾರೆ. ಐವತ್ತು ದಾಟಿದವರಿಗೆ ಒಂದು ಮೆಟ್ಟಿಲು ಸಡಿಲ. ಸಂಕೋಚದಿಂದ ತೂಕವನ್ನು ಇಳಿಸಿ ಹೇಳಿದರೆ ಬೈಂಡಿಂಗ್ ಅಕಾಲದಲ್ಲಿ ಕಳಚೀತು. ಬಡಾಯಿಯಿಂದ ಪರಿಣತಿಯನ್ನು ಏರಿಸಿ ಹೇಳಿದರೆ ಕಳಚಬೇಕಾದಾಗ ಕಳಚದೆ ಉಳಿದೀತು. ಸತ್ಯವನ್ನೇ ಹೇಳಿದರೂ ಮೊಣಕಾಲಿಗೆ ಪೂರ್ಣ ರಕ್ಷೆಯೇನೂ ಇಲ್ಲ; ಬೈಂಡಿಂಗ್ ಮುಖ್ಯವಾಗಿ ಕಾಪಾಡುವುದು ಮೊಣಕಾಲ ಕೆಳಗಿನ ಮೂಳೆಯನ್ನು. ತಯಾರಕರು ಹೊಣೆ ಹೊರದ ಹಳೆಯ ಬೈಂಡಿಂಗುಗಳನ್ನು ಅಂಗಡಿಗಳು ಮುಟ್ಟುವುದೂ ಇಲ್ಲ. ‘ತಂದೆಯ ಕಾಲದ ಒಳ್ಳೆಯ ಹಲಗೆ’ ಎಂದು ಎಷ್ಟು ಬೇಡಿದರೂ ಉತ್ತರ ಒಂದೇ.

ಕಂಪ್ಯೂಟರ್ ಉದ್ಯಮದ ಕೆಲಸಕ್ಕೆಂದು ಹೋದ ಕನ್ನಡ ಕುಟುಂಬಗಳು ಸಿಯಾಟಲಿನ ಆಸುಪಾಸಿನಲ್ಲಿ ನೆಲೆಸಿವೆ. ಹಿಮವನ್ನು ಚಿತ್ರದಲ್ಲಷ್ಟೇ ಕಂಡು ಬೆಳೆದ ತಾಯಿತಂದೆಯರಿಗೆ, ಮಗಳ ಬೂಟು ಕಳಚುವ ಹದವನ್ನು ಅಪರಿಚಿತನೊಬ್ಬನ ಕೈಗೆ ಒಪ್ಪಿಸುವುದು ಸಣ್ಣ ಮಾತಲ್ಲ. ಹಲಗೆಯ ಬಣ್ಣವನ್ನು ಆರಿಸುವುದು ಮಗುವಿನ ಸಂತೋಷ. ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಕಂಡ ತೂಕವನ್ನು ಕಂಡಂತೆ ಬರೆಯಿಸಿ, ವರ್ಷವರ್ಷವೂ ಬೆಳೆದ ಕಾಲಿಗೆ ತಕ್ಕಂತೆ ಮತ್ತೆ ಹದ ಮಾಡಿಸುವುದು ಹಿರಿಯರ ಹೊಣೆ. ಅಷ್ಟು ಮಾಡಿದ ಮೇಲೆ ಘಾಟಿಯ ದಾರಿ ಹಿಡಿಯಲು ಅಡ್ಡಿಯಿಲ್ಲ.