ಚೆಂಡು ಮತ್ತು ಪಗಾರ

ದಾದರಿನಲ್ಲಿ ಹುಟ್ಟಿದ ಹುಡುಗ ಕ್ರಿಕೆಟ್ ಆಡಬೇಕೆಂಬುದು ಶಿವಾಜಿ ಪಾರ್ಕಿನ ಅಲಿಖಿತ ಕಾನೂನು. ನಮ್ಮ ಮಗರಾಯ ಮಾತ್ರ ಅದನ್ನು ಮೀರಿ ಹತ್ತನೆಯ ವಯಸ್ಸಿನಲ್ಲೇ ಫುಟ್‌ಬಾಲಿನ ಹುಚ್ಚು ಹಿಡಿಸಿಕೊಂಡ. ಮಳೆ ಬಿದ್ದು ಕ್ರಿಕೆಟಿನವರು ಮನೆ ಸೇರಿದರೆ ಇವನಿಗೆ ಸುಗ್ಗಿ. ಕೆಸರು ಮೆತ್ತಿದ ಇವನ ಬೂಟುಗಳು ಚಾಳಿನ ವರಾಂಡದಲ್ಲಿ ಒಣಗುತ್ತಿದ್ದರೆ, ನೆರೆಯವರ ಗೊಣಗಾಟ ಕೇಳುವ ಪಾಳಿ ನಮ್ಮದು.

ಈಗ ಅವನಿಗೆ ಹದಿನೇಳು. ಹನ್ನೆರಡನೆಯ ತರಗತಿ, ವಿಜ್ಞಾನ. ಕಳೆದ ತಿಂಗಳು ಹೊರ ಊರಿನ ಕ್ಲಬ್ಬೊಂದರ ಕಿರಿಯರ ತಂಡದಿಂದ ಕಾಗದ ಬಂತು. ಪರೀಕ್ಷೆ ಮುಗಿದ ಕೂಡಲೇ ಬರಬೇಕು. ವಸತಿ, ಊಟ, ತರಬೇತಿ ಅವರದು. ಕೈಖರ್ಚಿಗೆ ತಿಂಗಳಿಗೆ ಎಂಟು ಸಾವಿರ ರೂಪಾಯಿ. ಕರಾರು ಒಂದು ವರ್ಷದ್ದು. ಕೆಳಗೆ ಪಾಲಕರ ಸಹಿಗೆ ಜಾಗ.

ಹುಬ್ಬಳ್ಳಿಯಿಂದ ಬಂದು ಇಲ್ಲಿಯ ಗಿರಣಿಯೊಂದರಲ್ಲಿ ಕಾರಕೂನರಾಗಿದ್ದ ನಮ್ಮ ತಂದೆಯವರು 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು. “ಸರಕಾರದ ಪಗಾರ ಒಂದೇ ಪಗಾರ” ಎಂದು ಅವರು ನಮ್ಮ ಕಿವಿಯಲ್ಲಿ ಊದಿ ಊದಿ, ನಾವು ಬಿ.ಎಸ್ಸಿ. ಮುಗಿಸಿ 2005ರಲ್ಲಿ ಕೇಂದ್ರ ಸರಕಾರದ ಕಛೇರಿಯ ಕುರ್ಚಿ ಹಿಡಿದೆವು. ಇಪ್ಪತ್ತು ವರ್ಷ ಪರರ ಬಿಲ್ಲುಗಳನ್ನು ಕೂಡಿ ಕಳೆದ ನಮಗೆ, ಲೆಕ್ಕ ಹಾಕದೆ ಸಹಿ ಹಾಕುವ ಅಭ್ಯಾಸವಿಲ್ಲ. ಹಳೆಯ ಲಕೋಟೆಯೊಂದರ ಬೆನ್ನ ಮೇಲೆ ಲೆಕ್ಕ ಮೊದಲಿಟ್ಟೆವು.

ಆಟಗಾರನ ಗಳಿಕೆ ಹದಿನೆಂಟಕ್ಕೆ ಪ್ರಾರಂಭವಾಗಿ, ಮೊಣಕಾಲು ದಯೆ ತೋರಿದರೆ ಮೂವತ್ತಮೂರಕ್ಕೆ ಮುಗಿಯುತ್ತದೆ ಎನ್ನಿ. ಹದಿನೈದು ವರ್ಷ. ಗುಮಾಸ್ತನದು ಇಪ್ಪತ್ತೆರಡರಿಂದ ಅರವತ್ತರ ತನಕ, ಮೂವತ್ತೆಂಟು ವರ್ಷ. ಅಂದರೆ ಗುಮಾಸ್ತನ ಒಂದು ರೂಪಾಯಿಗೆ ಆಟಗಾರ ಎರಡೂವರೆ ರೂಪಾಯಿ ಗಳಿಸಿದರೆ ಮಾತ್ರ ಸರಿಸಮ. ಏಳನೆಯ ವೇತನ ಆಯೋಗ ಕಿರಿಯ ಗುಮಾಸ್ತನಿಗೆ ಗೊತ್ತುಮಾಡಿದ ಆರಂಭದ ಮೂಲವೇತನವೇ 19,900 ರೂಪಾಯಿ. ಅದನ್ನು ಸರಿಗಟ್ಟಲು, ಭತ್ಯೆ ಬಡ್ತಿಗಳನ್ನು ಬಿಟ್ಟರೂ, ಆಟಗಾರನಿಗೆ ಹದಿನೈದು ವರ್ಷ ತಪ್ಪದೆ ತಿಂಗಳಿಗೆ ಅರ್ಧ ಲಕ್ಷ ಬರಬೇಕು. ನಮ್ಮವನು ನಿಂತಿರುವುದು ಎಂಟು ಸಾವಿರದ ಮೆಟ್ಟಿಲಿನ ಮೇಲೆ. ಖರ್ಚಿನ ಬದಿಗೆ ಬಂದರೆ, ವರ್ಷಕ್ಕೆ ಮೂರು ಜೊತೆ ಬೂಟು, ರೈಲಿನ ಪಾಸು, ದಿನಕ್ಕೊಂದು ಲೀಟರು ಹಾಲು. ಮೊಟ್ಟೆಯನ್ನೇ ಕಾಣದಿದ್ದ ಅಡುಗೆಮನೆಯಲ್ಲಿ ನಮ್ಮಾಕೆ ಬೇರೆ ಪಾತ್ರೆಯಿಟ್ಟು ದಿನಾ ನಾಲ್ಕು ಮೊಟ್ಟೆ ಬೇಯಿಸಲು ಕಲಿತಿದ್ದಾಳೆ. ಇದಕ್ಕೆ ಬೆಲೆ ಕಟ್ಟುವ ಕಾಲಂ ನಮ್ಮ ಲಕೋಟೆಯಲ್ಲಿಲ್ಲ.

ನಮ್ಮ ಕಛೇರಿಯಲ್ಲಿ ನಿವೃತ್ತಿಗೆ ಹತ್ತಿರವಾಗಿರುವ ಹಿರಿಯ ಮಿತ್ರರೊಬ್ಬರಿದ್ದಾರೆ. ಕ್ರೀಡಾಪಟುಗಳ ಕೋಟಾದಿಂದ ಸೇರಿದವರು. ಕಾಗದವನ್ನು ಅವರ ಮುಂದಿಟ್ಟೆವು. ಅವರ ಕಾಲದ ಮುಂಬಯಿ ಫುಟ್‌ಬಾಲೆಂದರೆ ಕೂಪರೇಜ್ ಮೈದಾನ, ಹಾರ್‌ವುಡ್ ಲೀಗು, ರೋವರ್ಸ್ ಕಪ್ಪು. 1891ರಲ್ಲಿ ಪ್ರಾರಂಭವಾದ ಆ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ, ಮರುವರ್ಷವೂ ಅವರೇ. ಮಿತ್ರರ ಹೊತ್ತಿಗೆ ಅಲ್ಲಿ ರೈಲ್ವೆ, ಕಸ್ಟಮ್ಸ್, ಏರ್ ಇಂಡಿಯಾ, ಬ್ಯಾಂಕುಗಳು, ಟಾಟಾ, ಮಹೀಂದ್ರಾ ಹೀಗೆ ಪಗಾರ ಕೊಡುವ ಸಂಸ್ಥೆಗಳ ಹೆಸರಿನ ತಂಡಗಳೇ ಹೆಚ್ಚು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಕೂಡ ಟಾಟಾ ತಂಡಕ್ಕೆ ಆಡಿದವರು.

“ಗೋಲು ಹೊಡೆದದ್ದಕ್ಕೆ ನಮಗೆ ಯಾರೂ ಪಗಾರ ಕೊಡಲಿಲ್ಲ,” ಎಂದರು ಮಿತ್ರರು. “ಪಗಾರ ಮೇಜಿಗೆ. ಇಪ್ಪತ್ತೊಂಬತ್ತಕ್ಕೆ ನನ್ನ ಮೊಣಕಾಲು ಹೋಯಿತು. ತಿಂಗಳು ಬಿಟ್ಟು ಕುಂಟುತ್ತ ಬಂದು ಇದೇ ಮೇಜಿಗೆ ಕೂತೆ. ಆ ತಿಂಗಳ ಪಗಾರವೂ ಬಂತು, ಮುಂದಿನದೂ ಬಂತು. ನಿಮ್ಮ ಹುಡುಗನ ಕರಾರಿನಲ್ಲಿ ಮೇಜು ಎಲ್ಲಿದೆ?”

ಕಾಗದವನ್ನು ಎರಡು ಸಲ ತಿರುವಿ ನೋಡಿದೆವು. ಮೇಜು ಇರಲಿಲ್ಲ.

ಹಾಗೆಂದು ದೊಡ್ಡ ತಂಡಗಳಲ್ಲಾದರೂ ಭದ್ರತೆ ಇದೆಯೇ? ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಆಡಿದ ಪಂಜಾಬಿನ ಜೆ.ಸಿ.ಟಿ. ತಂಡ 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದಿತು; 2011ರಲ್ಲಿ ಬಾಗಿಲು ಹಾಕಿತು. ನಮ್ಮ ಮುಂಬಯಿಯ ಮಹೀಂದ್ರಾ ತಂಡ 2005-06ರಲ್ಲಿ ಅದೇ ಲೀಗನ್ನು ಗೆದ್ದದ್ದು. ತಂಡವನ್ನು ಮುಚ್ಚುವ ಸುದ್ದಿ 2010ರಲ್ಲೇ ಬಂತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದ ಮೇಲೆ ಕೆಲವರಿಗೆ ಕೋಟಿಯ ಮಾತು ಬಂದದ್ದು ನಿಜ. ಆದರೆ 2025ರ ಜುಲೈಯಲ್ಲಿ ಆ ಲೀಗನ್ನೇ ತಡೆಹಿಡಿದರು. ನಡೆಸುವ ಕಂಪನಿಗೂ ಫುಟ್‌ಬಾಲ್ ಫೆಡರೇಶನ್ನಿಗೂ ಇದ್ದ ಹದಿನೈದು ವರ್ಷದ ಒಪ್ಪಂದ ಡಿಸೆಂಬರಿನಲ್ಲಿ ಮುಗಿಯುವುದಿತ್ತು, ಮುಂದೇನೆಂಬುದು ತೀರ್ಮಾನವಾಗಿರಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಸುನಿಲ್ ಛೇತ್ರಿಯಂಥವರ ತಂಡಕ್ಕೇ ಈ ಗತಿಯೆಂದ ಮೇಲೆ ಕೆಳಗಿನವರ ಪಾಡೇನು?

ಇಷ್ಟನ್ನೂ ಒಂದು ರಾತ್ರಿ ಊಟವಾದ ಮೇಲೆ ಮಗನ ಮುಂದೆ ಇಸವಿ ಸಹಿತ ಒಪ್ಪಿಸಿದೆವು. ಅವನು ಸುಮ್ಮನೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದ.

“ಅಪ್ಪಾ, ನಿನಗ ಪೆನ್ಶನ್ ಎಷ್ಟು ಬರ್ತದ?”

ನಾವು ನಿರುತ್ತರರಾದೆವು. 2004ರ ಜನವರಿ 1ರ ನಂತರ ಸೇರಿದ ನಮ್ಮಂಥವರಿಗೆ ಹಳೆಯ ಪೆನ್ಶನ್ ಇಲ್ಲ. ನಮ್ಮ ಪಗಾರದಿಂದ ಮುರಿದ ಹಣ ಪೇಟೆಯ ಏರಿಳಿತದಲ್ಲಿ ತೇಲುತ್ತ ಹೋಗುತ್ತದೆ. 2025ರ ಏಪ್ರಿಲಿನಲ್ಲಿ ಇನ್ನೊಂದು ಯೋಜನೆ ಬಂದಾಗ, ಎರಡರಲ್ಲಿ ಯಾವುದು ಲಾಭವೆಂದು ಗುಣಿಸುತ್ತ ಕಛೇರಿಯ ಎಷ್ಟು ಮಧ್ಯಾಹ್ನಗಳು ಕಳೆದವೆಂಬುದು ಹುಡುಗನಿಗೂ ಗೊತ್ತು. ನಮ್ಮ ತಂದೆ ಊದಿದ ಭದ್ರತೆಯನ್ನು ನಾವು ಪೂರಾ ಪಡೆಯದೆಯೇ ಮಗನ ಕಿವಿಯಲ್ಲಿ ಊದಲು ಹೊರಟಿದ್ದೆವು.

ನಮ್ಮಾಕೆ ಆಗ ಬಾಯಿ ತೆರೆದಳು. “ಬರಲಿಕ್ಕಿಲ್ಲ ಅಂತ ನೂರು ಲೆಕ್ಕ ಹೇಳಿದ್ರಿ. ಕಾಲು ಮುರಿದು ಬಂದ್ರ ಅವನ್ನ ಸಾಕೋರು ಯಾರು? ನಾವ ಅಲ್ಲೇನು? ಹಂಗಾದ್ರ ಏನೇನು ಬೇಕೋ ಅದನ್ನ ಕೇಳಿ ಬರಸ್ಕೊಳ್ರಿ.”

ಆ ಮಾತಿನಲ್ಲಿ ವಿಷಯದ ತಿರುಳಿತ್ತು. ಹಿಂದೆ ಆಟಗಾರನ ಬೆನ್ನಿಗೆ ಒಂದು ಕಛೇರಿ ಇರುತ್ತಿತ್ತು. ಇಂದಿನ ಕರಾರಿನ ಹುಡುಗನಿಗೆ ಆ ಕಛೇರಿ ಅವನ ಮನೆಯೇ. ಹಾಗಿದ್ದರೆ ಕಛೇರಿಯಂತೆಯೇ ನಡೆದುಕೊಳ್ಳಬೇಕಲ್ಲವೇ?

ಮರುದಿನ ಕ್ಲಬ್ಬಿಗೆ ಪತ್ರ ಬರೆದೆವು. ಆಡುವಾಗ ಪೆಟ್ಟಾದರೆ ಶಸ್ತ್ರಚಿಕಿತ್ಸೆಯ ಖರ್ಚು ಯಾರದು? ಗುಣವಾಗುವ ಮೊದಲೇ ಕರಾರು ಮುಗಿದರೆ? ಕಾಲೇಜಿನ ಪರೀಕ್ಷೆಗೆ ಬಿಡುವಿರಾ? ಮೊದಲನೆಯದಕ್ಕೂ ಮೂರನೆಯದಕ್ಕೂ ಒಪ್ಪಿಗೆ ಬಂತು. ಎರಡನೆಯದಕ್ಕೆ ಉತ್ತರ ಬರಲಿಲ್ಲ.

ಮಗನಿಂದ ನಾವೂ ಒಂದು ಕರಾರು ಬರೆಸಿಕೊಂಡೆವು: ಎಲ್ಲಿದ್ದರೂ ಪದವಿಗೆ ಹೆಸರು ಹಚ್ಚಬೇಕು. ಕಾರಣವನ್ನೂ ಹೇಳಿದೆವು. ಕೇಂದ್ರ ಸರಕಾರದ ‘ಸಿ’ ವರ್ಗದ ನೇರ ನೇಮಕಾತಿಯಲ್ಲಿ ಶೇಕಡಾ 5ರ ತನಕ ಕ್ರೀಡಾಪಟುಗಳನ್ನು ತೆಗೆದುಕೊಳ್ಳಬಹುದು. ರಾಜ್ಯದ ಪರವಾಗಿ ರಾಷ್ಟ್ರೀಯ ಪಂದ್ಯಗಳಲ್ಲಿ ಆಡಿದವರಂತೆ, ವಿಶ್ವವಿದ್ಯಾಲಯದ ಪರವಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಆಡಿದವರೂ ಅರ್ಜಿ ಹಾಕಬಹುದು. ಪದವಿಯ ಬಾಗಿಲು ಮುಚ್ಚಿದರೆ ಆ ಕಿಟಕಿಯೂ ಮುಚ್ಚಿದಂತೆ. ಇನ್ನು ಎಂಟು ಸಾವಿರದಲ್ಲಿ ಅರ್ಧ, ದಾದರಿನ ಅಂಚೆ ಕಛೇರಿಯಲ್ಲಿ ಅವನ ಹೆಸರಿನ ಆರ್.ಡಿ. ಖಾತೆಗೆ. ಅವನು ತಲೆಯಾಡಿಸಿದ. ಬೂಟಿಗೆ ಹಣ ಯಾರು ಕೊಡುವರೆಂದು ಮಾತ್ರ ಕೇಳಿದ.

ಎರಡನೆಯ ಪ್ರಶ್ನೆಯ ಉತ್ತರಕ್ಕೆ ಇನ್ನೂ ಎಂಟು ದಿನ ಕಾದು, ಕೊನೆಗೆ ಸಹಿ ಹಾಕಿದೆವು. ನಮ್ಮ ಸಂಘದ ಸದಸ್ಯರಲ್ಲಿ ಮಕ್ಕಳನ್ನು ಆಟಕ್ಕೆ ಬಿಟ್ಟವರು ಇನ್ನೂ ಹಲವರಿರಬಹುದು. ಪಗಾರ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಕಾಲು ನಿಂತ ದಿನ ಕೊಡುವವರು ಯಾರೆಂದು ಮೊದಲು ಕೇಳಿರಿ. ಯಾರೂ ಇಲ್ಲವೆಂದಾದರೆ ನಮ್ಮಂತೆ ನೀವೇ ಆ ಮೇಜಿನ ಹಿಂದೆ ಕೂರಲು ಸಿದ್ಧರಾಗಿ ಸಹಿ ಮಾಡಿರಿ.

ಪರೀಕ್ಷೆಗೆ ಇನ್ನೆರಡು ತಿಂಗಳಿದೆ. ಬೂಟುಗಳು ವರಾಂಡದಲ್ಲೇ ಇವೆ. ನೆರೆಯವರು ಇನ್ನೂ ಗೊಣಗುತ್ತಿದ್ದಾರೆ. ಆದರೆ ಅವರ ಮನೆಯ ಚಿಕ್ಕ ಹುಡುಗ ನಿನ್ನೆ ಅವುಗಳಲ್ಲಿ ಕಾಲಿಟ್ಟು ನೋಡುತ್ತಿದ್ದ.